ರಕ್ತದ ವರದಿಯೂ ಎಲುಬಿನ ಸಾಕ್ಷ್ಯವೂ

ಜಾಗದ ದಾಖಲೆ ತೋರಿಸಲೆಂದು ಕಳೆದ ತಿಂಗಳು ಕಚೇರಿಗೆ ಬಂದ ತಾಯಿಯೊಬ್ಬರ ಎಡ ಮಣಿಕಟ್ಟಿನ ಪ್ಲಾಸ್ಟರ್ ತೆಗೆದು ಒಂದು ವಾರವಷ್ಟೇ ಆಗಿತ್ತು. ವಯಸ್ಸು 49; ಮುಟ್ಟು ನಿಂತು ಒಂದೂವರೆ ವರ್ಷ. ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಕೈಯೂರಿದ್ದರು, ಅಷ್ಟೇ; ಎಲುಬು ಮುರಿದಿತ್ತು. ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುವ ಮಗ ಇತ್ತೀಚಿನ ರಕ್ತಪರೀಕ್ಷೆಯ ಇಂಗ್ಲಿಷ್ ವರದಿಯನ್ನು ನನ್ನ ಮುಂದಿಟ್ಟ.

“ಸಿ.ಆರ್.ಪಿ. ನಾರ್ಮಲ್ ಉಂಟು ವಕೀಲರೇ. ಇನ್ನು ಎಲುಬಿನ ಟೆಸ್ಟ್ ಯಾಕೆ? ಸುಮ್ಮನೆ ಖರ್ಚು” ಎಂದರು ತಾಯಿ. ವೈದ್ಯರು ಬರೆದುಕೊಟ್ಟ ಡೆಕ್ಸಾ ಪರೀಕ್ಷೆಯ ಚೀಟಿ ಮಡಚಿದಂತೆಯೇ ಚೀಲದಲ್ಲಿತ್ತು.

ನಾನು ವೈದ್ಯನಲ್ಲ. ಆದರೆ ಯಾವ ಕಾಗದ ಯಾವ ಸಂಗತಿಯನ್ನು ಸಾಬೀತುಪಡಿಸುತ್ತದೆ ಎಂದು ನೋಡುವುದೇ ನನ್ನ ಕಸುಬು. ತೆರಿಗೆ ಕಟ್ಟಿದ ರಶೀದಿ ಇದ್ದ ಮಾತ್ರಕ್ಕೆ ಜಾಗದ ಒಡೆತನ ಸಾಬೀತಾಗುವುದಿಲ್ಲ. ಇಲ್ಲಿಯೂ ಅಂಥದೇ ಗೊಂದಲವಿತ್ತು.

ದೇಹದಲ್ಲಿ ಎಲ್ಲಿಯೇ ಉರಿಯೂತವಿದ್ದರೂ ಯಕೃತ್ತು ಹೆಚ್ಚಾಗಿ ತಯಾರಿಸುವ ಪ್ರೋಟೀನು ಸಿ.ಆರ್.ಪಿ. ಅದಕ್ಕೂ ಎಲುಬಿಗೂ ನಂಟಿಲ್ಲದಿಲ್ಲ. ಎಲುಬು ಜೀವನಪರ್ಯಂತ ಸವೆಯುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುತ್ತದೆ. ಸವೆತಕ್ಕೆ ಕಡಿವಾಣ ಹಾಕುವುದು ಈಸ್ಟ್ರೋಜನ್. ಮುಟ್ಟು ನಿಲ್ಲುವ ಕಾಲದಲ್ಲಿ ಅದು ಇಳಿದಾಗ ಇಂಟರ್‌ಲ್ಯೂಕಿನ್-6 ಮುಂತಾದ ಉರಿಯೂತಕಾರಕಗಳು ಎಲುಬು ಕರಗಿಸುವ ಕೋಶಗಳನ್ನು ಕೆರಳಿಸುತ್ತವೆ. ಯಕೃತ್ತಿನಿಂದ ಸಿ.ಆರ್.ಪಿ. ಹೊರಡಿಸುವುದೂ ಇದೇ ಇಂಟರ್‌ಲ್ಯೂಕಿನ್-6.

ಆದರೆ ನಂಟು ಬೇರೆ, ಪುರಾವೆ ಬೇರೆ. ಅಮೆರಿಕದ ಮಹಿಳೆಯರನ್ನು 1996ರಿಂದ ಹಿಂಬಾಲಿಸಿದ ‘ಸ್ವಾನ್’ ಅಧ್ಯಯನದ 2013ರ ವರದಿಯಂತೆ, ಸಿ.ಆರ್.ಪಿ. ಪ್ರಮಾಣಕ್ಕೂ ಎಲುಬಿನ ಸಾಂದ್ರತೆಗೂ ನೇರ ಸಂಬಂಧ ಕಂಡುಬರಲಿಲ್ಲ. ಆದರೂ ಅದು ಲೀಟರಿಗೆ 3 ಮಿ.ಗ್ರಾಂ. ದಾಟಿದವರಲ್ಲಿ ಏರಿದಷ್ಟೂ ಮುರಿತದ ಅಪಾಯ ಹೆಚ್ಚಿತು. ಎಂದರೆ, ಏರಿದ ಸಿ.ಆರ್.ಪಿ.ಯನ್ನು ಕಡೆಗಣಿಸಬಾರದು, ನಾರ್ಮಲ್ ಸಿ.ಆರ್.ಪಿ.ಯನ್ನು ಎಲುಬಿನ ಭದ್ರತೆಗೆ ಜಾಮೀನೆಂದು ತಿಳಿಯಲೂಬಾರದು. ಕೊನೆಯ ಮುಟ್ಟಿಗೆ ಒಂದು ವರ್ಷ ಮೊದಲಿನಿಂದ ಎರಡು ವರ್ಷದ ಅನಂತರದವರೆಗೆ ಸವೆತ ಅತಿವೇಗದ್ದೆಂದು ಅದೇ ಅಧ್ಯಯನ ತೋರಿಸಿದೆ. ಆ ತಾಯಿ ನಿಂತಿದ್ದುದು ಆ ಅವಧಿಯಲ್ಲಿಯೇ.

ಸಾಂದ್ರತೆಯನ್ನು ಅಳೆಯುವುದು ಡೆಕ್ಸಾ. ಸೊಂಟ, ಬೆನ್ನೆಲುಬುಗಳ ಮೇಲೆ ಅತ್ಯಲ್ಪ ಕ್ಷಕಿರಣ ಹಾಯಿಸಿ ನೋಡುವ, ಕೆಲವೇ ನಿಮಿಷಗಳ, ನೋವಿಲ್ಲದ ಪರೀಕ್ಷೆ. ಟಿ-ಸ್ಕೋರ್ -1 ಅಥವಾ ಅದಕ್ಕಿಂತ ಮೇಲಿದ್ದರೆ ಸಹಜ, -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅಸ್ಥಿರಂಧ್ರತೆ. ನಿಂತಲ್ಲಿಂದ ಬಿದ್ದಷ್ಟಕ್ಕೇ ಎಲುಬು ಮುರಿದಿದ್ದರೆ ಅದೇ ಒಂದು ಎಚ್ಚರಿಕೆ, ಸಿ.ಆರ್.ಪಿ. ಎಷ್ಟಿದ್ದರೂ ಈ ಪರೀಕ್ಷೆಯನ್ನು ಮುಂದೂಡಲಾಗದು.

ಇಷ್ಟನ್ನು ಹೇಳಿ ಚೀಟಿಯನ್ನು ಮಗನ ಕೈಗಿತ್ತೆ. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. ರಾಗಿ, ಹಾಲು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು ನಮ್ಮ ಅಡುಗೆಮನೆಗೆ ಹೊಸತಲ್ಲ. ಅವು ತಾಯಿಯ ತಟ್ಟೆಗೂ ಬೀಳುತ್ತಿವೆಯೇ ಎಂದು ನೋಡಬೇಕಾದವರು ಮನೆಯವರು. ಓದುಬಲ್ಲ ಮಕ್ಕಳೇ, ಅಮ್ಮನ ಚೀಲದಲ್ಲಿ ಮಡಚಿಟ್ಟ ಚೀಟಿಯೊಂದಿದ್ದರೆ ಇಂದೇ ಬಿಡಿಸಿ ಓದಿರಿ.