ಕೆರೆಯ ಕಾಣದ ಬೆಳೆ

ಹೆಬ್ಬಾಳದ ಮೇಲುಸೇತುವೆಯನ್ನು ಹಾದುಹೋಗುವಾಗ ಕೆರೆಯ ನಡುವೆ ಹೆಜ್ಜಾರ್ಲೆಗಳ ಹಿಂಡು ಕಾಣಿಸಿದರೆ ಮಕ್ಕಳು ಬಸ್ಸಿನ ಕಿಟಕಿಗೆ ಮುಗಿಬೀಳುವುದುಂಟು. ಚೀಲದಂತಹ ಕೊಕ್ಕುಳ್ಳ ಆ ಹಕ್ಕಿ ಮೀನು ತಿಂದು ಬದುಕುತ್ತದೆಯೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಆ ಮೀನಿಗೆ ಊಟವೆಲ್ಲಿಯದು? ಹೊಲದಲ್ಲಿ ರಾಗಿ ಬೆಳೆದಂತೆ ಕೆರೆಯಲ್ಲಿಯೂ ಒಂದು ಬೆಳೆ ಬೆಳೆಯುತ್ತದೆ. ಅದನ್ನು ಬಿತ್ತುವವರಿಲ್ಲ, ಕಳೆ ಕೀಳುವವರಿಲ್ಲ. ಬರಿಗಣ್ಣಿಗೆ ಅದು ಕಾಣುವುದೂ ಇಲ್ಲ.

ಜಕ್ಕೂರು ಕೆರೆಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ ತಿಳಿಹಸಿರಿನ ಛಾಯೆಯೊಂದು ಮಾತ್ರ ತೋರುತ್ತದೆ. ಅದರದೇ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೇರೊಂದು ಪ್ರಪಂಚವೇ ತೆರೆಯುತ್ತದೆ. ಮಣಿಯಂತೆ ದುಂಡಗಿರುವ ಹಸಿರು ಪಾಚಿ, ಗಾಜಿನ ಕರಡಿಗೆಯಲ್ಲಿ ಕುಳಿತಂತಿರುವ ಡಯಾಟಮ್, ಚಾವಟಿಯಾಡಿಸುತ್ತ ಸರಿಯುವ ಯೂಗ್ಲೀನ ಇವು ಅಲ್ಲಿನ ಪೈರು. ಇವುಗಳ ನಡುವೆ, ತಲೆಯ ಮೇಲಿನ ರೋಮಗಳನ್ನು ಚಕ್ರದಂತೆ ಆಡಿಸಿ ಆಹಾರವನ್ನು ಸೆಳೆದುಕೊಳ್ಳುವ ರೋಟಿಫರ್, ಕುಪ್ಪಳಿಸುವ ನೀರುಚಿಗಟ, ಒಂಟಿಗಣ್ಣಿನ ಸೈಕ್ಲಾಪ್ಸ್ ಮೊದಲಾದವು ಮೇಯುತ್ತಿರುತ್ತವೆ. ನೀರು ಒಯ್ದತ್ತ ತೇಲುವ ಈ ಜೀವಿಗಳಿಗೆ ಜರ್ಮನಿಯ ವಿಜ್ಞಾನಿ ವಿಕ್ಟರ್ ಹೆನ್ಸೆನ್ 1887ರಲ್ಲಿ 'ಪ್ಲಾಂಕ್ಟನ್' ಎಂದು ಹೆಸರಿಟ್ಟರು. ಅಲೆಮಾರಿ ಎಂಬುದು ಅದರ ಮೂಲವಾದ ಗ್ರೀಕ್ ಪದದ ಅರ್ಥ. ಕನ್ನಡದಲ್ಲಿ ಇವು ಪ್ಲವಕಗಳು. ಅದೇ ವರ್ಷ ಅಮೆರಿಕದ ಸ್ಟೀಫನ್ ಫೋರ್ಬ್ಸ್, ಸರೋವರವೆಂಬುದು ತನ್ನಷ್ಟಕ್ಕೆ ತಾನೇ ಒಂದು ಕಿರುಜಗತ್ತು, ಅಲ್ಲಿಯ ಒಂದು ಜೀವಿಯ ಬಾಳು ಉಳಿದೆಲ್ಲವುಗಳ ಬಾಳಿನೊಡನೆ ಹೆಣೆದುಕೊಂಡಿದೆ ಎಂದು ಪ್ರತಿಪಾದಿಸಿದರು.

ಪಂಕ್ತಿಯ ಊಟ

ಈ ಹೆಣಿಗೆಯ ಮೊದಲ ಎಳೆ ಸೂರ್ಯನ ಬೆಳಕು. ಅದರ ಬಲದಿಂದ ಸಸ್ಯಪ್ಲವಕಗಳು ತಮ್ಮ ಆಹಾರವನ್ನು ತಾವೇ ಸಿದ್ಧಪಡಿಸಿಕೊಂಡು, ನೀರಿಗೆ ಆಮ್ಲಜನಕವನ್ನು ಬಿಡುತ್ತವೆ. ಅವುಗಳನ್ನು ಪ್ರಾಣಿಪ್ಲವಕಗಳು ಮೇಯುತ್ತವೆ. ಅನಂತರ ಮೀನುಗಳ ಪಂಕ್ತಿ. ಮೇಲ್ಮುಖವಾದ ಬಾಯಿಯುಳ್ಳ ಕಾಟ್ಲ ಮೇಲ್ನೀರಿನ ಪ್ರಾಣಿಪ್ಲವಕಗಳನ್ನು ಸೋಸಿ ತಿನ್ನುತ್ತದೆ. ಬೆಳ್ಳಿ ಗೆಂಡೆಗೆ ಸಸ್ಯಪ್ಲವಕವೇ ಮೃಷ್ಟಾನ್ನ. ನಡುನೀರು ರೋಹುವಿನ ಪಾಲು. ತಳದ ಕೆಸರಿನಲ್ಲಿ ಕೊಳೆತದ್ದನ್ನು ಮೃಗಾಲ ಹೆಕ್ಕುತ್ತದೆ. ಒಬ್ಬರ ಎಲೆಗೆ ಮತ್ತೊಬ್ಬರು ಕೈಹಾಕರು ಎಂಬುದರಿಂದಲೇ ಮೀನು ಸಾಕುವವರು ಈ ಜಾತಿಗಳ ಮರಿಗಳನ್ನು ಒಂದೇ ಕೆರೆಗೆ ಬಿಡುತ್ತಾರೆ. ಸಣ್ಣ ಮೀನನ್ನು ಕೊರವ ನುಂಗುತ್ತದೆ; ನೀರುಕಾಗೆ, ಮಿಂಚುಳ್ಳಿ, ಹೆಜ್ಜಾರ್ಲೆಗಳು ಕೊನೆಯ ಪಂಕ್ತಿಯವು.

ಈ ಊಟದಲ್ಲಿ ಪೋಲು ಬಹಳ. ತಿಂದುದರಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ತಿಂದವನ ಮೈಗೆ ಹತ್ತುತ್ತದೆ. ಸ್ಥೂಲವಾಗಿ ಹೇಳುವುದಾದರೆ, 1000 ಕಿಲೋ ಸಸ್ಯಪ್ಲವಕದಿಂದ 100 ಕಿಲೋ ಪ್ರಾಣಿಪ್ಲವಕ, ಅದರಿಂದ 10 ಕಿಲೋ ಮೀನು, ಅದರಿಂದ 1 ಕಿಲೋ ಹಕ್ಕಿ. ಹೆಜ್ಜಾರ್ಲೆಯೊಂದು ರೆಕ್ಕೆ ಬಿಚ್ಚಿದಾಗ ಅದರ ಹಿಂದೆ ಕಾಣದ ಹಸಿರಿನ ದೊಡ್ಡ ರಾಶಿಯೇ ಇರುತ್ತದೆ.

ಔತಣವೇ ಮೃತ್ಯುವಾದಾಗ

ಹಸಿರೇ ಮೀನಿನ ಅನ್ನವಾದರೆ, ಹಸಿರು ಹೆಚ್ಚಿದಷ್ಟೂ ಮೀನಿಗೆ ಸುಭಿಕ್ಷವಲ್ಲವೆ? ಬೆಂಗಳೂರಿನ ಕೆರೆಗಳು ಇದಕ್ಕೆ ಕಹಿಯಾದ ಉತ್ತರವನ್ನೇ ಕೊಟ್ಟಿವೆ. ಯಶವಂತಪುರಕ್ಕೆ ಹೆಚ್ಚು ದೂರವಲ್ಲದ ಸ್ಯಾಂಕಿ ಕೆರೆಯಲ್ಲಿ 1995ರ ಜೂನ್ ತಿಂಗಳಲ್ಲಿ ಮೀನುಗಳು ಸತ್ತು ತೇಲಿದವು. ಇದನ್ನು ಪರಿಶೀಲಿಸಿದ ರಂಜೀವ್ ಬೆಂಜಮಿನ್, ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕಾರಣವನ್ನು ತಿಳಿಸಿದರು: ಕೆರೆಗೆ ಬಿಟ್ಟ ಚರಂಡಿ ನೀರಿನಿಂದ ಆಮ್ಲಜನಕ ಥಟ್ಟನೆ ಕುಸಿದು ಮೀನುಗಳು ಉಸಿರುಕಟ್ಟಿ ಸತ್ತಿದ್ದವು. 2016ರ ಮಾರ್ಚ್ ತಿಂಗಳಲ್ಲಿ ಹಲಸೂರು ಕೆರೆಯ ದಡದಲ್ಲಿ ಸಾವಿರಾರು ಮೀನುಗಳ ಹೆಣ ಬಿದ್ದಿತು.

ನೀರಿನಲ್ಲಿ ಉಸಿರು ಬಹು ದುಬಾರಿ. ಬೆಂಗಳೂರಿನ ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕವಿದ್ದರೆ, ಒಂದು ಲೀಟರ್ ಕೆರೆಯ ನೀರಿನಲ್ಲಿ ಸಾಮಾನ್ಯವಾಗಿ ಕರಗಿರಬಲ್ಲದ್ದು ಏಳೆಂಟು ಮಿಲಿಗ್ರಾಂ. ಅದು ಮೂರಕ್ಕಿಂತ ಕೆಳಗಿಳಿದರೆ ಅನೇಕ ಮೀನುಗಳಿಗೆ ಸಂಕಟ. ಚರಂಡಿಯ ಕೊಳೆಯನ್ನು ಜೀರ್ಣಿಸುವ ಬ್ಯಾಕ್ಟೀರಿಯಗಳು ಈ ಚಿಕ್ಕ ಗಂಟಿಗೇ ಕೈಯಿಕ್ಕುತ್ತವೆ. ಕೊಳೆಯಲ್ಲಿರುವ ಸಾರಜನಕ ಮತ್ತು ರಂಜಕ ಪಾಚಿಗೆ ಗೊಬ್ಬರವಾಗುತ್ತವೆ. ಪಾಚಿ ವಿಪರೀತವಾಗಿ ಬೆಳೆದು ನೀರು ಬಣ್ಣ ಕದಡಿದಂತಾಗುತ್ತದೆ. ಹಗಲಿನಲ್ಲಿ ಧಾರಾಳವಾಗಿ ಆಮ್ಲಜನಕ ಕೊಡುವ ಆ ಹಸಿರು, ಸೂರ್ಯ ಮುಳುಗಿದ ಮೇಲೆ ಕೊಡುವುದನ್ನು ನಿಲ್ಲಿಸಿ, ಹಗಲಿರುಳೂ ನಡೆಯುವ ತನ್ನ ಉಸಿರಾಟವನ್ನು ಮಾತ್ರ ಮುಂದುವರಿಸಿ, ಕೊಟ್ಟುದನ್ನು ಹಿಂದಕ್ಕೆ ಪಡೆಯುತ್ತದೆ. ನಸುಕಿನ ವೇಳೆಗೆ ಕೆರೆಯ ಬೊಕ್ಕಸ ಬರಿದು. ಮೀನುಗಳು ಬೆಳಗಿನ ಜಾವದಲ್ಲಿ ಮೇಲೆ ಬಂದು ಬಾಯಿಬಿಡುವುದು ಆಟಕ್ಕಲ್ಲ, ಉಸಿರಿಗಾಗಿ. ಹಸಿವೆಯಿಂದಲ್ಲ, ಅವು ಸಾಯುವುದು ಅತಿಯಾದ ಔತಣದಿಂದ. ಅದರೊಡನೆ ಆ ಕೆರೆಯಲ್ಲಿ ಬಲೆ ಬೀಸಿ ಸಂಸಾರ ಸಾಗಿಸುವವನ ವರ್ಷದ ದುಡಿಮೆಯೂ ಮುಳುಗುತ್ತದೆ.

ರಂಜಕದ ಪ್ರಭಾವವನ್ನು ಕೆನಡದ ವಿಜ್ಞಾನಿಗಳು 1973ರಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸಿದರು. 226 ಎಂಬ ಸಂಖ್ಯೆಯ ಸರೋವರವನ್ನು ಪರದೆಯಿಂದ ಎರಡಾಗಿ ಪಾಲುಮಾಡಿ, ಎರಡೂ ಕಡೆಗೆ ಇಂಗಾಲ, ಸಾರಜನಕಗಳನ್ನು ಹಾಕಿ, ಒಂದು ಕಡೆಗೆ ಮಾತ್ರ ರಂಜಕವನ್ನು ಸೇರಿಸಿದರು. ಆ ಪಾಲು ಹಚ್ಚಹಸಿರಾಯಿತು; ಪರದೆಯಾಚೆಯ ನೀರು ತಿಳಿಯಾಗಿಯೇ ಉಳಿಯಿತು. ಈ ರಂಜಕ ಮನೆಯ ಶೌಚದ ನೀರಿನಲ್ಲಿದೆ, ಪಾತ್ರೆ ತೊಳೆದ ನೀರಿನ ಉಳಿಕೆಯಲ್ಲಿದೆ, ಹಲವು ಬಗೆಯ ಬಟ್ಟೆ ಒಗೆಯುವ ಪುಡಿಗಳಲ್ಲಿಯೂ ಇದೆ.

ಜಕ್ಕೂರಿನ ಪಾಠ

ಯಲಹಂಕ ಕೆರೆಯ ಕೋಡಿ ನೀರು ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ ಹರಿಯುವುದು ಹಿರಿಯರು ಕಟ್ಟಿದ ಸರಪಳಿ. ಸುಮಾರು 160 ಎಕರೆಯ ಜಕ್ಕೂರು ಕೆರೆಯ ತಲೆಯಲ್ಲಿ ಕೊಳಚೆ ನೀರನ್ನು ಶುದ್ಧಿಗೊಳಿಸುವ ಸ್ಥಾವರವಿದೆ. ಮೊದಲಿಗೆ ಅದರ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್. ಅಲ್ಲಿಂದ ಹೊರಟ ನೀರು ನೇರವಾಗಿ ಕೆರೆಗೆ ಇಳಿಯದೆ, ಜೊಂಡು ಬೆಳೆದ ಜೌಗಿನ ಮೂಲಕ ಸಾಗುತ್ತದೆ. ಬೇರುಗಳು ಗೊಬ್ಬರದ ಒಂದು ಪಾಲನ್ನು ಹೀರುತ್ತವೆ. ಮತ್ತೊಂದು ಪಾಲು ಪ್ಲವಕವಾಗಿ, ಮೀನಾಗಿ, ಬಲೆಯಲ್ಲಿ ದಡಕ್ಕೆ ಬರುತ್ತದೆ. ಹಿಡಿದ ಪ್ರತಿಯೊಂದು ಮೀನೂ ಕೆರೆಯಿಂದ ಹೊರಬಿದ್ದ ಒಂದು ತುತ್ತು ರಂಜಕ. ಆದರೆ ಜೊಂಡನ್ನು ಕಾಲಕಾಲಕ್ಕೆ ಕೊಯ್ಯದಿದ್ದರೆ ಅದೇ ಕೊಳೆತು, ಹೀರಿದ್ದನ್ನೆಲ್ಲ ಮರಳಿ ನೀರಿಗೆ ಕಕ್ಕುತ್ತದೆ. ಕೆರೆಯನ್ನು ಕಟ್ಟಿದರೆ ಸಾಲದು, ಸಾಕಬೇಕು.

ಭಾನುವಾರದ ಸಂಜೆ ಮಕ್ಕಳೊಡನೆ ಕೆರೆಯಂಗಳಕ್ಕೆ ಬರುವ ಸಂಸಾರಗಳು ಮೀನಿಗೆಂದು ಕಡಲೆಪುರಿ, ಬ್ರೆಡ್ಡಿನ ಚೂರುಗಳನ್ನು ಎರಚುವುದುಂಟು. ಚರಂಡಿಯ ಮಹಾಪೂರದ ಮುಂದೆ ಅದು ಅಲ್ಪವೇ ಸರಿ; ಆದರೂ ಕೆರೆಯ ಮೀನು ಕೇಳುವುದು ಅದನ್ನಲ್ಲ. ಅದರ ಅನ್ನವನ್ನು ಬಿಸಿಲು ಬೇಯಿಸಿಡುತ್ತದೆ. ಯಲಹಂಕದ ಗೃಹಿಣಿ ಬಕೆಟ್ಟಿಗೆ ಸುರಿಯುವ ಸಾಬೂನಿನ ಪುಡಿಯಲ್ಲಿ ಅರ್ಧ ಚಮಚ ಕಡಿಮೆ ಮಾಡಿದರೆ, ಬಡಾವಣೆಯವರು ಚರಂಡಿ ರಾಜಕಾಲುವೆಗೆ ಸೇರದಂತೆ ಎಚ್ಚರ ವಹಿಸಿದರೆ, ಬೆಳಗಿನ ಜಾವದ ಮೀನಿಗೆ ಒಂದು ಉಸಿರು ಹೆಚ್ಚು ದೊರೆಯುತ್ತದೆ. ಕಡಲೆಪುರಿಯನ್ನು ಮಕ್ಕಳೇ ತಿನ್ನಲಿ.