ಚೀಲದ ಕಣ್ಣು ನೋಡಿ ಕೊಳ್ಳಿ

ಹಾರೂಗೇರಿ, ರಾಯಬಾಗ, ಅಥಣಿ ಕಡೆ ಮನೆಗೆ ಹತ್ತಿದ ತಗಡಿನ ಶೆಡ್ಡಿನಲ್ಲಿ ನಡೆಯುವ ಬಡಿಗತನಕ್ಕೆ ಟೇಬಲ್ ಗರಗಸ, ರೌಟರ್, ಸ್ಯಾಂಡರ್ ಬಂದಿವೆ. ಕೆಲಸ ಬೇಗ ಮುಗಿಯುತ್ತದೆ, ಜೊತೆಗೆ ಧೂಳಿನ ಜಾತಿಯೂ ಬದಲಾಗಿದೆ. ಕೈರಂದಾ ಸುರುಳಿ ಸುರುಳಿ ಸಿಪ್ಪೆ ತೆಗೆಯುತ್ತಿತ್ತು. ಅದು ಕಾಲಬುಡದಲ್ಲೇ ಬಿದ್ದು ಸಂಜೆಗೆ ಒಲೆ ಸೇರುತ್ತಿತ್ತು. ಸ್ಯಾಂಡರ್ ಕಟ್ಟಿಗೆಯನ್ನು ಹಿಟ್ಟು ಮಾಡುತ್ತದೆ. ಆ ಹಿಟ್ಟಿನಲ್ಲಿ 10 ಮೈಕ್ರಾನಿಗಿಂತ ಸಣ್ಣ ಕಣಗಳು ಮೋಟಾರು ನಿಂತ ಮೇಲೂ ಬಹಳ ಹೊತ್ತು ತೇಲುತ್ತಲೇ ಇರುತ್ತವೆ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಎಂದರೆ ಅವು ಎಷ್ಟು ಸಣ್ಣವೆಂದು ತಿಳಿದೀತು. ಹಾಗಾಗಿ ಧೂಳು ಹೀರುವ ಯಂತ್ರ ಕೊಳ್ಳುವಾಗ ಎಷ್ಟು ಎಚ್‌ಪಿ ಎಂಬುದು ಎರಡನೆಯ ಪ್ರಶ್ನೆ. ಅದರ ಚೀಲ ಎಷ್ಟು ಸಣ್ಣ ಕಣವನ್ನು ಹಿಡಿದಿಡುತ್ತದೆ ಎಂಬುದು ಮೊದಲ ಪ್ರಶ್ನೆ. 30 ಮೈಕ್ರಾನಿನ ಚೀಲ ಹಾಕಿದ ದೊಡ್ಡ ಮೋಟಾರು ಹೊಟ್ಟನ್ನು ಒಳಗಿಟ್ಟುಕೊಂಡು, ಪುಪ್ಪುಸಕ್ಕೆ ಇಳಿಯುವ ಧೂಳನ್ನು ಶೆಡ್ಡಿನ ತುಂಬ ಹರಡುತ್ತದೆ. ನೆಲ ಸ್ವಚ್ಛವಾಗಿ ಕಾಣುವುದರಿಂದ ಇದು ಇನ್ನಷ್ಟು ಮೋಸದ್ದು.

“ನಮ್ಮಜ್ಜ ಜೀವನವಿಡೀ ಇದೇ ಧೂಳು ತಿಂದ, ಏನಾಯಿತು?” ಎಂಬ ಮಾತಿದೆ. ಅಜ್ಜ ತಿಂದದ್ದು ಇದೇ ಧೂಳಲ್ಲ. ಕುರ್ಚಿ ತಯಾರಿಕೆಗೆ ಹೆಸರಾದ ಇಂಗ್ಲೆಂಡಿನ ಹೈ ವಿಕಂಬ್ ಸುತ್ತ, ಪೀಠೋಪಕರಣ ಕೆಲಸಗಾರರ ಮೂಗಿನೊಳಗೆ ಅಪರೂಪದ ಕ್ಯಾನ್ಸರ್ ಮತ್ತೆ ಮತ್ತೆ ಕಾಣುತ್ತಿರುವುದನ್ನು 1960ರ ದಶಕದಲ್ಲಿ ವೈದ್ಯರು ಗುರುತಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಕಟ್ಟಿಗೆ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ ಸೇರಿಸಿತು. ಆ ಕ್ಯಾನ್ಸರ್ ವಿರಳವೆಂಬುದು ನಿಜ, ಹೆದರಿಸುವುದು ಬೇಡ. ಆದರೆ ದಮ್ಮು, ಬಿಡದ ಕೆಮ್ಮು, ಸಾಗವಾನಿ ಧೂಳಿನಿಂದ ಏಳುವ ತುರಿಕೆ ವಿರಳವಲ್ಲ. ಎಂಡಿಎಫ್ ಹಲಗೆಯ ಧೂಳಿನಲ್ಲಿ ಫಾರ್ಮಾಲ್ಡಿಹೈಡ್ ಇರುವ ಅಂಟೂ ಸೇರಿರುತ್ತದೆ. ಯುರೋಪಿನ ಒಕ್ಕೂಟ ಗಟ್ಟಿ ಕಟ್ಟಿಗೆಯ ಧೂಳಿಗೆ 2023ರಿಂದ ಘನ ಮೀಟರ್ ಗಾಳಿಗೆ 2 ಮಿಲಿಗ್ರಾಂ ಮಿತಿ ಹಾಕಿದೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ಧೂಳನ್ನು ಹುಟ್ಟುವ ಜಾಗದಲ್ಲೇ ಹೀರಬೇಕೆಂದು 14ನೇ ಕಲಮಿನಲ್ಲಿ ಹೇಳಿತ್ತು. ಆದರೆ ವಿದ್ಯುತ್ ಬಳಸುವ ಕಡೆ 10 ಅಥವಾ ಹೆಚ್ಚು ಮಂದಿ ಕೆಲಸಗಾರರಿದ್ದರೆ ಮಾತ್ರ ಅದು ಅನ್ವಯವಾಗುತ್ತಿತ್ತು. ಅಪ್ಪ-ಮಗ ದುಡಿಯುವ ಶೆಡ್ಡನ್ನು ತಪಾಸಣೆ ಮಾಡಲು ಯಾರೂ ಬರುವುದಿಲ್ಲ. ಗೋಡೆಯಾಚೆ ಮಲಗಿದ ಕೂಸಿಗೂ ಅದೇ ಗಾಳಿ.

ಯಂತ್ರದಲ್ಲಿ ಎರಡು ಬಗೆ. ಸಣ್ಣ ಪೈಪಿನ ವ್ಯಾಕ್ಯೂಮ್ ಕಡಿಮೆ ಗಾಳಿಯನ್ನು ಜೋರಾಗಿ ಎಳೆಯುತ್ತದೆ, ಸ್ಯಾಂಡರ್ ಮತ್ತು ರೌಟರಿಗೆ ಅದು ಸರಿ. ಪ್ಲೇನರ್, ಟೇಬಲ್ ಗರಗಸಕ್ಕೆ 4 ಇಂಚು ಪೈಪಿನ ಬ್ಲೋವರ್ ಬೇಕು. ಹೊಟ್ಟು ಹೊತ್ತೊಯ್ಯಲು ನಿಮಿಷಕ್ಕೆ 350-400 ಘನ ಅಡಿ ಗಾಳಿ ಹರಿಯಬೇಕು. ಪೈಪು ಉದ್ದವಾದಷ್ಟೂ, ತಿರುವು ಹೆಚ್ಚಿದಷ್ಟೂ ಆ ಗಾಳಿ ಸೊರಗುತ್ತದೆ. ಎಚ್‌ಪಿಗೆ ಸುರಿಯುವ ಹಣಕ್ಕಿಂತ ಯಂತ್ರವನ್ನು ಗರಗಸದ ಪಕ್ಕಕ್ಕೆ ಸರಿಸುವುದು ಲಾಭ. ಹಳೆ ಮನೆಯ ತೊಲೆ ಕೊಯ್ಯುವವರು ಗರಗಸ ಮತ್ತು ಬ್ಲೋವರಿನ ನಡುವೆ, ಭಾರದ ಚೂರುಗಳನ್ನು ಮೊದಲೇ ಕೆಳಗೆ ಬೀಳಿಸುವ ಸೈಕ್ಲೋನ್ ಡಬ್ಬಿ ಇಡಲೇಬೇಕು. ಮೊಳೆಯ ಚೂರು ಬ್ಲೋವರಿನ ಫ್ಯಾನಿಗೆ ಬಡಿದು ಕಿಡಿ ಹಾರಿದರೆ ಚೀಲದ ತುಂಬ ಇರುವುದು ಒಣ ಪುಡಿ.

ಖರ್ಚಿನ ಆಕ್ಷೇಪ ಸುಳ್ಳಲ್ಲ. ಆದರೆ ಚಳಿ ದೇಶಗಳವರಿಗಿಲ್ಲದ ಒಂದು ಅನುಕೂಲ ನಮಗಿದೆ. ಅವರು ಬಿಸಿ ಮಾಡಿದ ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡಬೇಕು, ಅದಕ್ಕೇ ದುಬಾರಿ ಫಿಲ್ಟರ್. ಹಿತ್ತಲು ಬಯಲಿಗೆ ತೆರೆದಿದ್ದರೆ ನಾವು ಬ್ಲೋವರನ್ನು ಗೋಡೆಯ ಹೊರಗಿಟ್ಟು, ಎದುರಿನ ಕಿಟಕಿ ತೆರೆದರಾಯಿತು. ಪಕ್ಕದಲ್ಲೇ ನೆರೆಮನೆಯ ಅಡುಗೆಕೋಣೆ ಇದ್ದರೆ ಮಾತ್ರ ಈ ದಾರಿ ಹಿಡಿಯಬೇಡಿ, 1 ಮೈಕ್ರಾನಿನ ಚೀಲವನ್ನೇ ಹಾಕಿ. ಮುಖಕ್ಕೆ ಟಾವೆಲ್ ಕಟ್ಟಿಕೊಂಡರೆ ಸಾಕು ಎನ್ನುವವರಿದ್ದಾರೆ. ಟಾವೆಲ್ ನುಣ್ಣನೆ ಧೂಳನ್ನು ತಡೆಯದು. ಎನ್-95 ತಡೆಯುತ್ತದೆ, ಆದರೆ ಏಪ್ರಿಲ್ ಬಿಸಿಲಿಗೆ ಕಾದ ತಗಡಿನ ಕೆಳಗೆ ದಿನವಿಡೀ ಅದನ್ನು ಹಾಕಿಕೊಂಡು ದುಡಿಯುವುದು ಯಾರಿಂದಲೂ ಆಗದು.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಇದೆ. ಸಲಕರಣೆಗೆ 15,000 ರೂಪಾಯಿ ನೆರವು, ಶೇ 5ರ ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ ಸಿಗುತ್ತದೆ. ಆ ಸಾಲ ಎತ್ತುವ ಬಡಿಗೇರ ಬಂಧುಗಳಲ್ಲಿ ಒಂದೇ ಕೋರಿಕೆ: ಇನ್ನೊಂದು ರೌಟರ್ ತರುವ ಮೊದಲು, ಮನೆಯಲ್ಲಿರುವ ಸ್ಯಾಂಡರಿಗೆ, ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರಿನ ಒಂದು ವ್ಯಾಕ್ಯೂಮ್ ತನ್ನಿ.