‘ಸಾಧ್ಯವಾದ ಮಟ್ಟಿಗೆ’

ಎಚ್.ಐ.ವಿ. ಸೋಂಕಿತರ ರಕ್ಷಣೆಗೆಂದು ೨೦೧೭ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು. ೨೦೧೮ರ ಸೆಪ್ಟೆಂಬರ್ ೧೦ರಿಂದ ಅದು ಜಾರಿಯಲ್ಲಿದೆ. ಕೆಲಸದಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಸೋಂಕಿತರನ್ನು ಭೇದದಿಂದ ಕಾಣಬಾರದೆಂದು ಅದು ವಿಧಿಸುತ್ತದೆ. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅದೇ ಕಾನೂನಿನ ೧೪ನೆಯ ಕಲಮು, ಸರ್ಕಾರವು ಔಷಧೋಪಚಾರವನ್ನು ‘ಸಾಧ್ಯವಾದ ಮಟ್ಟಿಗೆ’ ಒದಗಿಸತಕ್ಕದ್ದು ಎನ್ನುತ್ತದೆ. ಈ ಎರಡು ಮಾತುಗಳಿಂದ ಬಡವನ ಹಕ್ಕು ಸರ್ಕಾರದ ದಯೆಯಾಗಿಬಿಟ್ಟಿದೆ.

ಈ ರೋಗಕ್ಕೆ ಮದ್ದೇ ಇಲ್ಲವೆಂದು ಕೈಚೆಲ್ಲುವ ಕಾಲ ಹೋಯಿತು. ಬೇರುಸಹಿತ ಕೀಳಲಾಗದಿದ್ದರೂ ಅದನ್ನು ಹದ್ದಿನಲ್ಲಿಡಬಹುದು. ೨೦೦೪ರ ಏಪ್ರಿಲ್‌ನಿಂದ ಸರ್ಕಾರವು ಮಾತ್ರೆಯನ್ನು ಪುಕ್ಕಟೆಯಾಗಿ ಕೊಡುತ್ತಿದೆ. ಸೋಂಕು ಕಂಡ ಎಲ್ಲರಿಗೂ ತಡಮಾಡದೆ ಕೊಡಬೇಕೆಂಬ ನೀತಿ ೨೦೧೭ರಲ್ಲಿ ಬಂತು. ದಿನ ತಪ್ಪದೆ ನುಂಗಿದರೆ ವೈರಾಣು ಪರೀಕ್ಷೆಗೂ ಸಿಗದಷ್ಟು ತಗ್ಗುತ್ತದೆ. ಹಾಗೆ ತಗ್ಗಿ ನಿಂತರೆ ಗಂಡನಿಂದ ಹೆಂಡತಿಗಾಗಲಿ, ಹೆಂಡತಿಯಿಂದ ಗಂಡನಿಗಾಗಲಿ ಕೂಡುವಿಕೆಯಿಂದ ಅಂಟುವುದಿಲ್ಲ. ಮಾತ್ರೆ ತಪ್ಪಿದರೆ ರೋಗ ಮತ್ತೆ ತಲೆಯೆತ್ತುತ್ತದೆ. ಮದ್ದಿಗೆ ಜಗ್ಗದಂತೆಯೂ ಆಗಬಹುದು.

ತಪ್ಪುವುದೇಕೆ? ಮಾಗಡಿ ತಾಲ್ಲೂಕಿನ ಕೆಂಪಾಪುರದಂಥ ಹಳ್ಳಿಯ ಕೂಲಿ ಹೆಂಗಸು ದೂರದ ಆಸ್ಪತ್ರೆಗೆ ಹೋಗಿಬರಬೇಕಾದರೆ ಒಂದು ದಿನದ ದುಡಿಮೆ ಹೋಯಿತು. ೨೦೨೩ರಿಂದ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ಟಿಲ್ಲ, ನಿಜ; ಆದರೆ ಕಳೆದ ಕೂಲಿಯನ್ನು ಯಾರು ಕೊಡುತ್ತಾರೆ? ‘ಎಲ್ಲಿಗೆ ಹೋಗಿದ್ದೆ?’ ಎಂಬ ಮೇಸ್ತ್ರಿಯ ಪ್ರಶ್ನೆಗೆ ಏನು ಹೇಳಬೇಕು? ಕೆಂಪೇಗೌಡರ ಸಮಾಧಿ ೨೦೧೫ರಲ್ಲಿ ಬೆಳಕಿಗೆ ಬಂದ ಮೇಲೆ ಕೆಂಪಾಪುರದ ಹೆಸರು ವಿಧಾನಸೌಧಕ್ಕೂ ಮುಟ್ಟಿತು. ಸತ್ತ ನಾಡಪ್ರಭುವಿಗೆ ಸಲ್ಲುವ ಗೌರವ ಸಲ್ಲಲಿ. ಬದುಕಿರುವ ಕೂಲಿಕಾರನಿಗೂ ಅದರಲ್ಲೊಂದು ಪಾಲು ಬೇಡವೇ?

ಇನ್ನು ದೂರಿನ ಮಾತು. ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ದೂರು ಕೇಳುವ ಅಧಿಕಾರಿ ಇರಬೇಕೆಂದು ಕಾನೂನು ಹೇಳುತ್ತದೆ. ರಾಮನಗರದ ಸಣ್ಣ ಸಣ್ಣ ನೂಲು ಬಿಚ್ಚಾಣಿಕೆ ಮನೆಗಳಲ್ಲಿ ನೂರು ಆಳುಗಳೆಲ್ಲಿ? ಸಣ್ಣ ಧಣಿಯ ಕೈಕೆಳಗೆ ದುಡಿಯುವವನಿಗೆ ಅವಮಾನವೇನು ಸಣ್ಣದೇ?

ನಮ್ಮ ಒತ್ತಾಯ ಇಷ್ಟೆ. ಕಲಮಿನಿಂದ ‘ಸಾಧ್ಯವಾದ ಮಟ್ಟಿಗೆ’ ಎಂಬ ಮಾತನ್ನು ತೆಗೆಯಬೇಕು. ರೋಗ ಹತೋಟಿಯಲ್ಲಿರುವವರಿಗೆ ಹಲವು ತಿಂಗಳ ಮಾತ್ರೆಯನ್ನು ಅವರೇ ಆರಿಸಿದ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ, ಗುಟ್ಟು ಬಿಡದೆ, ಒಟ್ಟಿಗೆ ಕೊಡಬೇಕು. ಆಸ್ಪತ್ರೆಗೆ ಹೋದ ದಿನದ ಕೂಲಿಯನ್ನು ಸರ್ಕಾರ ತುಂಬಿಕೊಡಬೇಕು. ಸಣ್ಣ ಕಾರ್ಖಾನೆಯ ಆಳಿನ ದೂರನ್ನು ತಾಲ್ಲೂಕಿನಲ್ಲಿಯೇ ಕೇಳುವ ಏರ್ಪಾಡಾಗಬೇಕು.

ಇವು ಯಾವುವೂ ಅಸಾಧ್ಯವಲ್ಲ. ಸಾಧ್ಯವಾಗಿಸುವುದಕ್ಕೆಂದೇ ಜನರು ಸರ್ಕಾರವನ್ನು ಆರಿಸಿದ್ದಾರೆ.